ಬೂದಿ ಬಿದ್ದ ಹೊಲ, ಕೆಂಪು ಕಲ್ಲಿನ ಮನೆ: ವಯಸ್ಸಾದ ಅಪ್ಪ-ಅಮ್ಮನನ್ನು ಸನ್‌ಸೆಟ್ ಕ್ರೇಟರ್‌ಗೆ ಕರೆದೊಯ್ಯಬಹುದೇ?

ಪ್ರಶ್ನೆ: ನಾನು ಅರಿಝೋನಾದ ಫೀನಿಕ್ಸ್‌ನಲ್ಲಿ ವಾಸವಾಗಿದ್ದೇನೆ. ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪ, ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದಾರೆ. ಅಪ್ಪನಿಗೆ 71 ವರ್ಷ. ಇವತ್ತಿಗೂ ಹೊಲದ ಕೆಲಸ ಬಿಟ್ಟಿಲ್ಲ. ಅಮ್ಮನಿಗೆ 66, ಮೊಣಕಾಲು ನೋವಿದೆ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗನಿಗೆ 10. ಜುಲೈ ಕೊನೆಯ ವಾರ ಫ್ಲಾಗ್‌ಸ್ಟಾಫ್ ಹತ್ತಿರದ ಸನ್‌ಸೆಟ್ ಕ್ರೇಟರ್ ಎಂಬ ಜ್ವಾಲಾಮುಖಿ ಗುಡ್ಡವನ್ನೂ ಅದರ ಆಚೆಗಿನ ವುಪಾಟ್ಕಿಯ ಹಳೆಯ ಪಾಳುಮನೆಗಳನ್ನೂ ನೋಡಿ, ಅಲ್ಲಿಂದ ನ್ಯೂ ಮೆಕ್ಸಿಕೋದ ಬ್ಯಾಂಡಲೀರ್‌ನಲ್ಲಿ ಬಂಡೆ ಕೊರೆದು ಮಾಡಿದ ಮನೆಗಳಿಗೂ ಹೋಗಿಬರಬೇಕೆಂದಿದ್ದೇವೆ. ಆದರೆ ಗೆಳೆಯರೊಬ್ಬರು, ಅದು ಸತ್ತ ಜ್ವಾಲಾಮುಖಿಯಲ್ಲ, ಅಲ್ಲಿದ್ದ ಜನರೆಲ್ಲ ಬೂದಿಯಲ್ಲಿ ಹೂತುಹೋದರು ಎಂದು ಹೇಳಿ ಹೆದರಿಸಿದ್ದಾರೆ. ಅಮ್ಮನಿಗೆ ಸತ್ತವರ ಮನೆಯೊಳಗೆ ಕಾಲಿಡುವುದು ಸರಿಯೇ ಎಂಬ ಅಳುಕು. ಮಗನಿಗೆ ಗುಡ್ಡದ ತುದಿ ಹತ್ತಿ ಒಂದು ಜ್ವಾಲಾಮುಖಿ ಕಲ್ಲು ತರುವ ಹಟ. ಅಪ್ಪ ಮಾತ್ರ, "ಅಷ್ಟ್ ದೂರ ಹೋಗಿ ಬಿದ್ದ ಗ್ವಾಡಿ ಏನ್ ನೋಡೂದೈತಿ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನರ ನಾಲ್ಕು ಮಾತುಗಳಿದ್ದರೂ ಆತಂಕ ಒಂದೇ. ಬೆಂಕಿ ಉಗುಳಿದ ಗುಡ್ಡದ ಬುಡಕ್ಕೆ, ಜನ ಬಿಟ್ಟುಹೋದ ಮನೆಗಳ ನಡುವೆ, ವಯಸ್ಸಾದವರನ್ನೂ ಚಿಕ್ಕ ಮಗುವನ್ನೂ ಕರೆದುಕೊಂಡು ಹೋಗುವುದು ಬುದ್ಧಿವಂತಿಕೆಯೇ ಎಂಬುದು ಅದು. ಜ್ವಾಲಾಮುಖಿ ಶಿಲೆಗಳ ಅಧ್ಯಯನವೇ ನನ್ನ ವೃತ್ತಿಯಾದ್ದರಿಂದ ವಿದ್ಯಾರ್ಥಿಗಳನ್ನೂ ಊರಿನಿಂದ ಬಂದ ನೆಂಟರನ್ನೂ ಆ ದಾರಿಯಲ್ಲಿ ಎಷ್ಟೋ ಸಲ ಸುತ್ತಿಸಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಸನ್‌ಸೆಟ್ ಕ್ರೇಟರ್ ಮತ್ತು ವುಪಾಟ್ಕಿಗೆ ಧಾರಾಳವಾಗಿ ಹೋಗಿಬನ್ನಿ, ಬ್ಯಾಂಡಲೀರ್ ಈ ಸಲ ಬೇಡ. ನೀವು ಹೆದರಬೇಕಾದದ್ದು ಜ್ವಾಲಾಮುಖಿಗಲ್ಲ. ಬಿಸಿಲು, ಎತ್ತರ ಮತ್ತು ಮಧ್ಯಾಹ್ನದ ಸಿಡಿಲಿಗೆ.

ಮೊದಲು ನಿಮ್ಮ ಗೆಳೆಯರ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ನೋಡೋಣ. "ಸತ್ತ ಜ್ವಾಲಾಮುಖಿಯಲ್ಲ" ಎನ್ನುವುದು ಅರ್ಧ ಸತ್ಯ. ಫ್ಲಾಗ್‌ಸ್ಟಾಫ್ ಸುತ್ತಲಿನ ನೆಲದಲ್ಲಿ ಸುಮಾರು 600 ಜ್ವಾಲಾಮುಖಿಗಳಿವೆ. ಸ್ಯಾನ್ ಫ್ರಾನ್ಸಿಸ್ಕೋ ಜ್ವಾಲಾಮುಖಿ ಕ್ಷೇತ್ರ ಎಂದು ಅದಕ್ಕೆ ಹೆಸರು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಲ್ಲಿ ಸ್ಫೋಟಗಳು ಶುರುವಾದವು, ಕಟ್ಟಕಡೆಯದು ಈಗ ಸನ್‌ಸೆಟ್ ಕ್ರೇಟರ್ ಎನ್ನಿಸಿಕೊಂಡಿರುವ ಗುಡ್ಡವನ್ನು ಹುಟ್ಟಿಸಿತು. ಕ್ಷೇತ್ರದಲ್ಲಿ ಮುಂದೆಂದೋ ಮತ್ತೊಂದು ಸ್ಫೋಟ ಆಗಬಹುದೆಂದು ಭೂವಿಜ್ಞಾನಿಗಳು ಒಪ್ಪುತ್ತಾರೆ. ಆದರೆ ಆ ಒಂದು ಗುಡ್ಡದ ಮಟ್ಟಿಗೆ ಕಥೆ ಮುಗಿದಿದೆ. ಈ ಜಾತಿಯ ಗುಡ್ಡಗಳು ಸಾಮಾನ್ಯವಾಗಿ ಒಂದೇ ಸಲ ಉರಿಯುತ್ತವೆ. ನೆಲದ ಬಿರುಕಿನಿಂದ ಕರಗಿದ ಶಿಲೆ ಕಾರಂಜಿಯಂತೆ ಚಿಮ್ಮುತ್ತದೆ, ಗಾಳಿಯಲ್ಲೇ ತಣ್ಣಗಾಗಿ ಕುಲುಮೆಯ ಕಿಟ್ಟದಂಥ ತೂತುತೂತಾದ ಕಪ್ಪು ಹರಳಾಗಿ ಬೀಳುತ್ತದೆ, ಬಿದ್ದದ್ದು ರಾಶಿಯಾಗುತ್ತಾ ಗುಡ್ಡವಾಗುತ್ತದೆ. ಆ ಹರಳಿಗೆ ಸಿಂಡರ್ ಎನ್ನುತ್ತಾರೆ. ಕಣದಲ್ಲಿ ಜೋಳ ತೂರುವಾಗ ರಾಶಿ ತಾನಾಗಿಯೇ ಶಂಕುವಿನ ಆಕಾರ ಪಡೆಯುವುದನ್ನು ನಿಮ್ಮ ತಂದೆಯವರು ಜೀವಮಾನವಿಡೀ ನೋಡಿರುತ್ತಾರೆ. ಸುಮಾರು 300 ಮೀಟರ್ ಎತ್ತರದ ಸನ್‌ಸೆಟ್ ಕ್ರೇಟರ್ ನಿಂತಿರುವುದೂ ಅದೇ ನಿಯಮದಿಂದ. ಒಳಗಿನ ಒತ್ತಡ ಇಳಿದು ನಾಳ ಗಟ್ಟಿಯಾದ ಮೇಲೆ ಮುಂದಿನ ಸ್ಫೋಟ ಬೇರೆಲ್ಲೋ ಹೊಸ ಜಾಗ ಹುಡುಕಿಕೊಳ್ಳುತ್ತದೆ. ಗುಡ್ಡದ ತುದಿ ಸಂಜೆಯ ಬೆಳಕು ಬಿದ್ದಂತೆ ಕೆಂಪಾಗಿ ಕಾಣುವುದೂ ಒಳಗೆ ಬೆಂಕಿ ಇರುವುದರಿಂದಲ್ಲ. ಕೊನೆಯ ದಿನಗಳಲ್ಲಿ ಹೊರಬಂದ ಬಿಸಿ ಅನಿಲಗಳು ಹರಳಿನಲ್ಲಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿಸಿದವು, ಅಷ್ಟೇ.

ಆ ಸ್ಫೋಟ ಯಾವಾಗ ಆಯಿತು ಎಂಬುದರ ಲೆಕ್ಕವೂ ಸ್ವಾರಸ್ಯವಾಗಿದೆ. ವುಪಾಟ್ಕಿಯ ಮನೆಗಳಲ್ಲಿ ಸಿಕ್ಕ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿದಾಗ ಒಂದು ವರ್ಷದಿಂದ ಮುಂದಕ್ಕೆ ಮರದ ಬೆಳವಣಿಗೆ ಏಕಾಏಕಿ ಕುಗ್ಗಿರುವುದು ಕಂಡುಬಂತು. ಅದನ್ನು ಆಧರಿಸಿ ಬಹಳ ಕಾಲ 1064 ಎಂದೇ ಹೇಳುತ್ತಿದ್ದರು. ಈಚಿನ ಅಧ್ಯಯನಗಳು ಅದನ್ನು 1085ರ ಸುಮಾರಿಗೆ ತಂದಿವೆ. ಎಂದರೆ ಸಾವಿರ ವರ್ಷವೂ ಆಗಿಲ್ಲ. ನಮ್ಮಲ್ಲಿ ಆಗ ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ.

ಹಾಗಾದರೆ ಜನ ಬೂದಿಯಲ್ಲಿ ಹೂತುಹೋದರೇ? ಇಲ್ಲ. ಇದು ಇಟಲಿಯ ಪಾಂಪೇಯ ಕಥೆಯನ್ನು ಅಮೆರಿಕಕ್ಕೆ ತಂದು ಅಂಟಿಸಿದ ಮಾತು. ಸನ್‌ಸೆಟ್ ಕ್ರೇಟರ್ ಹುಟ್ಟಿದಾಗ ಸುತ್ತಮುತ್ತ ಜನವಸತಿ ಇತ್ತು, ಜೋಳದ ಹೊಲಗಳಿದ್ದವು (ಇಲ್ಲಿ ಜೋಳವೆಂದರೆ ನಮ್ಮ ಗೋವಿನಜೋಳ), ಅವು ನಾಶವಾದವು ಎಂಬುದೆಲ್ಲ ನಿಜ. ಆದರೆ ಬೂದಿಯಡಿ ಅಗೆದು ತೆಗೆದ ಮನೆಗಳಲ್ಲಿ ಸಿಕ್ಕಿಬಿದ್ದು ಸತ್ತವರ ದೇಹಗಳು ದೊರೆಯಲಿಲ್ಲ. ಕೆಲವು ಮನೆಗಳ ತೊಲೆಗಳನ್ನು ಜನ ಕಿತ್ತುಕೊಂಡು ಹೋದಂತೆಯೂ ಕಾಣುತ್ತದೆ. ಇಂಥ ಸ್ಫೋಟಕ್ಕೆ ಮೊದಲು ನೆಲ ನಡುಗುತ್ತದೆ, ಬಿರುಕು ಬಿಡುತ್ತದೆ. ಕಾಲಿಗೆ ಬುದ್ಧಿ ಹೇಳಲು ಸಮಯ ಸಿಗುತ್ತದೆ. ಇದಕ್ಕೆ ನಮ್ಮ ಕಾಲದ ಸಾಕ್ಷಿಯೂ ಇದೆ. ಮೆಕ್ಸಿಕೋದಲ್ಲಿ 1943ರ ಫೆಬ್ರವರಿ 20ರಂದು ಒಬ್ಬ ರೈತನ ಹೊಲದಲ್ಲಿ ಅವನ ಕಣ್ಣೆದುರೇ ಹುಟ್ಟಿ 1952ರವರೆಗೆ ಉರಿದ ಪರಿಕುಟೀನ್ ಇದೇ ಜಾತಿಯದು. ಅದು ಹಳ್ಳಿಗಳನ್ನು ನುಂಗಿತು, ಆದರೆ ಅದರ ಲಾವಾದಿಂದ ಯಾರೂ ಸಾಯಲಿಲ್ಲ. ಸತ್ತ ಮೂವರೂ ಸ್ಫೋಟದ ಮೋಡದಿಂದ ಹೊಡೆದ ಸಿಡಿಲಿಗೆ ಬಲಿಯಾದವರು. ಸಿಡಿಲಿನ ಮಾತಿಗೆ ಮತ್ತೆ ಬರುತ್ತೇನೆ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಅವರನ್ನು ಬೇರೆ ರೀತಿಯಲ್ಲಿ ಒಪ್ಪಿಸಬೇಕಾಗುತ್ತದೆ, ಮತ್ತು ಆ ಜಾಗವನ್ನು ನಿಮ್ಮೆಲ್ಲರಿಗಿಂತ ಚೆನ್ನಾಗಿ ಓದಬಲ್ಲವರು ಅವರೇ ಎಂಬುದು ನನ್ನ ಅನಿಸಿಕೆ. ಕೊಪ್ಪಳ, ಗದಗ ಭಾಗದ ಎರೆ ಹೊಲಗಳ ಮೇಲೆ ಹಳ್ಳದ ಉಸುಕನ್ನು ಹೇರಿಕೊಂಡು ಬಂದು ಹಾಸುವ ಪದ್ಧತಿಯನ್ನು ಅವರು ನೋಡಿಯೇ ಇರುತ್ತಾರೆ, ಸ್ವತಃ ಮಾಡಿದ್ದರೂ ಆಶ್ಚರ್ಯವಿಲ್ಲ. ಉಸುಕಿನ ಕಣಗಳ ನಡುವಿನ ಸಂದು ದೊಡ್ಡದಾದ್ದರಿಂದ ಬಿದ್ದ ಮಳೆ ಹರಿದುಹೋಗದೆ ಕೆಳಗಿಳಿಯುತ್ತದೆ. ಕೆಳಗಿನ ಜಿಗುಟು ಮಣ್ಣಿನಿಂದ ತೇವ ಮೇಲೇರಿ ಆವಿಯಾಗಲು ಹೊರಟರೆ ಅದೇ ದೊಡ್ಡ ಸಂದುಗಳು ದಾರಿ ಕತ್ತರಿಸುತ್ತವೆ. ಹಸಿ ಉಳಿಯುತ್ತದೆ, ನೆಲ ಬಿರಿಯುವುದಿಲ್ಲ. ಸನ್‌ಸೆಟ್ ಕ್ರೇಟರ್ ಸುಮಾರು 2,000 ಚದರ ಕಿಲೋಮೀಟರ್ ನೆಲದ ಮೇಲೆ ಕಪ್ಪು ಹರಳನ್ನು ಚೆಲ್ಲಿ ಮಾಡಿದ್ದು ಇದೇ ಕೆಲಸವನ್ನು. ಗುಡ್ಡದ ಹತ್ತಿರ ಹರಳು ಆಳುದ್ದ ಬಿದ್ದಿತು, ಅಲ್ಲಿ ಬೇಸಾಯ ಮುಗಿಯಿತು. ದೂರದ ವುಪಾಟ್ಕಿಯ ಕಡೆ ತೆಳುವಾದ ಹಾಸು ಬಿದ್ದು, ವರ್ಷಕ್ಕೆ 200 ಮಿಲಿಮೀಟರ್‌ನಷ್ಟೇ ಮಳೆಯಾಗುವ, ಯಲಬುರ್ಗಾಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆ ನೀರು ಕಾಣುವ ಆ ಒಣನೆಲದಲ್ಲಿ ಜೋಳ ಬೆಳೆಯುವುದು ಸಾಧ್ಯವಾಯಿತು. ಈ ವಾದವನ್ನು 1930ರ ದಶಕದಲ್ಲಿ ಮಂಡಿಸಿದವರು ಫ್ಲಾಗ್‌ಸ್ಟಾಫ್‌ನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಝೋನಾವನ್ನು ಸ್ಥಾಪಿಸಿದ ಹೆರಾಲ್ಡ್ ಕೋಲ್ಟನ್.

ಎಲ್ಲವನ್ನೂ ಬೂದಿಯ ತಲೆಗೆ ಕಟ್ಟುವುದು ಸರಿಯಲ್ಲ ಎಂದು ನಂತರದ ಪುರಾತತ್ತ್ವಜ್ಞರು ತಿದ್ದಿದ್ದಾರೆ. ಅದೇ ಕಾಲಕ್ಕೆ ಮಳೆಯೂ ಒಂದಷ್ಟು ಚೆನ್ನಾಗಿತ್ತು, ಸುತ್ತಲಿನ ಬೇರೆ ಬೇರೆ ಸಮುದಾಯಗಳು ಅಲ್ಲಿ ಕಲೆತವು, ವ್ಯಾಪಾರ ಬೆಳೆಯಿತು. ಕೋಲ್ಟನ್ ಆ ಜನರಿಗೆ ಇಟ್ಟ ಸಿನಾಗ್ವಾ ಎಂಬ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ "ನೀರಿಲ್ಲದ" ಎಂದು ಅರ್ಥ. ನೀರಿಲ್ಲದವರ ಊರಿನಲ್ಲಿ, ಸಾಗರದಿಂದ ಬಂದ ಚಿಪ್ಪುಗಳೂ ದಕ್ಷಿಣದ ಮೆಕ್ಸಿಕೋ ಕಡೆಯ ಮಕಾವ್ ಗಿಳಿಗಳ ಅವಶೇಷಗಳೂ ಸಿಕ್ಕಿವೆ. ವುಪಾಟ್ಕಿಯ ದೊಡ್ಡ ಮನೆಯಲ್ಲಿ ಸುಮಾರು 100 ಕೋಣೆಗಳು, ಕೆಲವೆಡೆ ಮೂರು ಅಂತಸ್ತು, ಪಕ್ಕದಲ್ಲಿ ಕಲ್ಲು ಕಟ್ಟಿದ ಚೆಂಡಾಟದ ಅಂಗಳ. ಗೋಡೆಗಳು ಲಾವಾದವಲ್ಲ, ಅಲ್ಲಿಯೇ ಪದರಪದರವಾಗಿ ಸೀಳಿಕೊಳ್ಳುವ ಕೆಂಪು ಮರಳುಗಲ್ಲಿನವು. ಬಿದ್ದ ಗೋಡೆಯಲ್ಲಿ ಏನಿದೆ ಎಂಬ ತಂದೆಯವರ ಪ್ರಶ್ನೆಗೆ ಗೋಡೆಗಿಂತ ಅದರ ಸುತ್ತಲಿನ ನೆಲ ಹೆಚ್ಚು ಉತ್ತರ ಕೊಡುತ್ತದೆ. ಕಾರಿನಿಂದಿಳಿದ ಕೂಡಲೇ ಅವರು ಬಗ್ಗಿ ಆ ಕಪ್ಪು ಹರಳನ್ನು ಮುಟ್ಟಿ ನೋಡದಿದ್ದರೆ ನನ್ನನ್ನು ಕೇಳಿ. ಮುಟ್ಟಲಿ, ಅಲ್ಲೇ ಬಿಡಲಿ.

ಇನ್ನೊಂದು ಸಂಗತಿಯನ್ನು ಅವರಿಗೆ ಹೇಳಿ. ಜೋಳದ ತೆನೆಯ ಅಚ್ಚು ಮೂಡಿದ ಲಾವಾ ಕಲ್ಲುಗಳು ಆ ಸೀಮೆಯಲ್ಲಿ ಸಿಕ್ಕಿವೆ. ಕುದಿಯುವ ಶಿಲೆಯ ಹನಿಗಳು ಬೀಳುತ್ತಿದ್ದ ಜಾಗದಲ್ಲಿ ಯಾರೋ ತೆನೆಗಳನ್ನು ಇಟ್ಟಿದ್ದಾರೆ, ಆರಿದ ಮೇಲೆ ಆ ಕಲ್ಲುಗಳನ್ನು ಹೊತ್ತು ತಮ್ಮ ವಸತಿಗೆ ಒಯ್ದಿದ್ದಾರೆ. ಅದು ನೈವೇದ್ಯವಾಗಿತ್ತೆಂದು ಬಹುತೇಕರು ತರ್ಕಿಸುತ್ತಾರೆ. ಬೆಂಕಿಯ ಬಾಯಿಗೆ ಅಷ್ಟು ಹತ್ತಿರ ಹೋಗಿ ಬಂದವರನ್ನು ಬೂದಿಯಲ್ಲಿ ಮುಚ್ಚಿಹೋದವರೆಂದು ಹೇಗೆ ಹೇಳುವುದು?

ತಾಯಿಯವರ ಅಳುಕಿಗೆ ಬರುತ್ತೇನೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಆ ಮನೆಗಳ ವಾರಸುದಾರರ ಭಾವನೆ ಅವರ ಭಾವನೆಗೆ ಬಹಳ ಹತ್ತಿರವಿದೆ. "ಕಣ್ಮರೆಯಾದ ನಾಗರಿಕತೆ" ಎಂದು ಪ್ರವಾಸಿ ಬರಹಗಳಲ್ಲಿ ಓದುತ್ತೇವಲ್ಲ, ಅದು ಎರಡನೆಯ ತಪ್ಪು ಕಲ್ಪನೆ. ವುಪಾಟ್ಕಿಯನ್ನು ಜನ ಬಿಟ್ಟದ್ದು 13ನೇ ಶತಮಾನದ ಮೊದಲ ಅರ್ಧದಲ್ಲಿ. ಬರ ಬಿದ್ದಿರಬಹುದು, ಹರಳಿನ ಹಾಸನ್ನು ಗಾಳಿ ಹೊಡೆದುಕೊಂಡು ಹೋಗಿರಬಹುದು, ನೆಲ ಸೋತಿರಬಹುದು; ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಬಿಟ್ಟವರು ಪೂರ್ವಕ್ಕೂ ದಕ್ಷಿಣಕ್ಕೂ ನಡೆದು ಬೇರೆ ಹಳ್ಳಿಗಳನ್ನು ಸೇರಿದರು. ಅವರ ವಂಶದವರಾದ ಹೋಪಿ ಜನ ಇವತ್ತಿಗೂ ಈಶಾನ್ಯ ಅರಿಝೋನಾದ ಮೂರು ಮೇಸಾಗಳ ಮೇಲೆ, ಎಂದರೆ ನೆತ್ತಿ ಚಪ್ಪಟೆಯಾದ ಗುಡ್ಡಗಳ ಮೇಲೆ, ಬದುಕುತ್ತಿದ್ದಾರೆ. ಅವರ ಒರೈಬಿ ಎಂಬ ಊರು ಅಮೆರಿಕದಲ್ಲಿ ಜನವಸತಿ ಕಡಿಯದೆ ಉಳಿದ ಅತಿ ಹಳೆಯ ಊರುಗಳಲ್ಲೊಂದು. ಹೋಪಿ ಕುಲಗಳ ಹಿರಿಯರು ವುಪಾಟ್ಕಿಯನ್ನು ತಮ್ಮ ಪೂರ್ವಜರ ವಲಸೆಯ ದಾರಿಯ ಒಂದು ತಂಗುದಾಣವೆಂದು ಹೇಳುತ್ತಾರೆ. ಅಲ್ಲಿ ಬಿದ್ದಿರುವ ಮಡಕೆಯ ಬೋಕಿಗಳು ಪೂರ್ವಜರ ಹೆಜ್ಜೆಗುರುತು, ಅವರು ಇನ್ನೂ ಅಲ್ಲಿದ್ದಾರೆ ಎಂಬುದು ಅವರ ನಂಬಿಕೆ. ಆದ್ದರಿಂದ ಅದು ಸತ್ತವರ ಮನೆ ಎನ್ನುವುದಕ್ಕಿಂತ ಬೇರೆಯವರ ಹಿರಿಯರ ಮನೆ ಎಂದುಕೊಂಡರೆ ಸರಿಯಾದೀತು. ಕೇಳಿ ಒಳಗೆ ಹೋಗುವ, ಸದ್ದು ಮಾಡದ, ಗೋಡೆಗೆ ಒರಗದ ಮರ್ಯಾದೆಯನ್ನು ನಿಮ್ಮ ತಾಯಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಒಳಗೆ ಹೋಗಲು ಮನಸ್ಸು ಒಪ್ಪದಿದ್ದರೆ ಸಂದರ್ಶಕರ ಕೇಂದ್ರದ ಹಿಂದಿನ ವೀಕ್ಷಣಾ ಜಾಗದಿಂದಲೇ ಇಡೀ ಕಟ್ಟಡ ಕಾಣುತ್ತದೆ. ಒಂದೇ ಒಂದು ಮಾತು: ಭಕ್ತಿಯಿಂದಲೇ ಆದರೂ ಅಲ್ಲಿ ಕುಂಕುಮ, ಹೂ, ನಾಣ್ಯ ಇಡುವುದು ಬೇಡ. ಅದು ಇನ್ನೊಬ್ಬರ ದೇವರಮನೆಗೆ ನಮ್ಮ ಪೂಜೆಯನ್ನು ತಂದಂತೆ, ಜೊತೆಗೆ ಪುರಾತತ್ತ್ವದ ಕುರುಹುಗಳೂ ಕಲಸಿಹೋಗುತ್ತವೆ. "ಅನಾಸಾಝಿ" ಎಂದು ಇಂಥ ಪೂರ್ವಜರನ್ನು ಕರೆಯುತ್ತಿದ್ದ ಹಳೆಯ ಹೆಸರನ್ನೂ ಮಗನಿಗೆ ಕಲಿಸಬೇಡಿ. ನೆರೆಯ ನವಾಹೋ ಬುಡಕಟ್ಟಿನ ಭಾಷೆಯ ಆ ಪದಕ್ಕೆ ಶತ್ರುಗಳ ಪೂರ್ವಜರು ಎಂಬ ಛಾಯೆ ಇರುವುದರಿಂದ ಹೋಪಿಗಳೂ ಸೇರಿದ ಪುವೆಬ್ಲೋ ಮೂಲನಿವಾಸಿ ಜನರಿಗೆ ಅದು ಹಿಡಿಸುವುದಿಲ್ಲ.

ಮಗನ ಎರಡು ಆಸೆಗಳೂ ಈಡೇರುವುದಿಲ್ಲ ಎಂದು ಮನೆಯಲ್ಲೇ ಹೇಳಿ ಕರೆದೊಯ್ಯಿರಿ. ಅಲ್ಲಿ ಹೋಗಿ ಹೇಳಿದರೆ ರಂಪವಾಗುತ್ತದೆ. ಸನ್‌ಸೆಟ್ ಕ್ರೇಟರ್‌ನ ತುದಿಗೆ ಹತ್ತುವ ದಾರಿಯನ್ನು 1973ರಲ್ಲೇ ಮುಚ್ಚಿದ್ದಾರೆ. ಸಡಿಲ ಹರಳಿನ ಇಳಿಜಾರಿನಲ್ಲಿ ಒಬ್ಬೊಬ್ಬರೂ ಇಟ್ಟ ಹೆಜ್ಜೆ ಕೊರಕಲಾಗಿ, ಗುಡ್ಡದ ಮೈಮೇಲೆ ದೂರದಿಂದಲೇ ಕಾಣುವ ಗಾಯವಾಗಿತ್ತು. ಆ ಗುಡ್ಡ ಉಳಿದುಕೊಂಡದ್ದೇ ಜನರ ಗಲಾಟೆಯಿಂದ. 1928ರಲ್ಲಿ ಹಾಲಿವುಡ್‌ನ ಚಿತ್ರತಂಡವೊಂದು ಭೂಕುಸಿತದ ದೃಶ್ಯಕ್ಕಾಗಿ ಅದರ ಇಳಿಜಾರಿಗೆ ಡೈನಮೈಟ್ ಇಡಲು ಹೊರಟಾಗ ಕೋಲ್ಟನ್ ಮತ್ತು ಊರವರು ಎದ್ದುನಿಂತರು, 1930ರಲ್ಲಿ ಅಧ್ಯಕ್ಷ ಹೂವರ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಹತ್ತಲೇಬೇಕೆಂದರೆ ಪಕ್ಕದಲ್ಲೇ ಲೆನಾಕ್ಸ್ ಕ್ರೇಟರ್ ಇದೆ. ಸುಮಾರು 90 ಮೀಟರ್ ಏರು, ಹತ್ತು ವರ್ಷದ ಹುಡುಗನ ಕಾಲಿಗೆ ಸರಿಯಾದ ಅಳತೆ. ಹೆಜ್ಜೆ ಇಟ್ಟಷ್ಟೂ ಹರಳು ಹಿಂದಕ್ಕೆ ಜಾರುವುದು ಅವನಿಗೆ ಇಷ್ಟವಾಗುತ್ತದೆ. ಇದೇ ಸೀಮೆಯ ಸಿಂಡರ್ ನೆಲದಲ್ಲಿ 1967ರಲ್ಲಿ ವಿಜ್ಞಾನಿಗಳು ಸ್ಫೋಟಕ ಸಿಡಿಸಿ ಚಂದ್ರನ ಮೇಲಿನಂಥ ಗುಂಡಿಗಳನ್ನು ತೋಡಿ ಅಪೊಲೊ ಗಗನಯಾತ್ರಿಗಳಿಗೆ ತರಬೇತಿ ಕೊಟ್ಟರು ಎಂದು ಹೇಳಿ ನೋಡಿ, ತುದಿಯ ಹಟ ಮರೆತೇಹೋಗಬಹುದು.

ಕಲ್ಲಿನ ವಿಷಯ ಹಾಗಲ್ಲ, ಅದು ಕಾನೂನು. ರಾಷ್ಟ್ರೀಯ ಉದ್ಯಾನ ಮತ್ತು ಸ್ಮಾರಕಗಳಿಂದ ಬೆರಳುಗಾತ್ರದ ಹರಳನ್ನೂ ತರುವಂತಿಲ್ಲ. ಮಡಕೆಯ ಬೋಕಿಯಂಥದ್ದಾದರೆ 1979ರ ಪುರಾತತ್ತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯ ಪ್ರಕಾರ ಮೊದಲ ಅಪರಾಧಕ್ಕೇ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ವಿಧಿಸಬಹುದು. ವೀಸಾ ಮೇಲೆ ಬಂದ ಕುಟುಂಬಕ್ಕೆ ಇಂಥ ತೊಡಕು ಎಷ್ಟು ದೂರ ಕಾಡುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಮಗನಿಗೆ ಲಾವಾ ಕಲ್ಲು ಬೇಕೇ ಬೇಕೆಂದರೆ ಉದ್ಯಾನ ಸಾಮಗ್ರಿ ಮಾರುವ ಅಂಗಡಿಯಲ್ಲಿ ಕೆಂಪು ಲಾವಾ ಕಲ್ಲಿನ ಚೀಲವೇ ಸಿಗುತ್ತದೆ. ಫ್ಲಾಗ್‌ಸ್ಟಾಫ್‌ನಲ್ಲಿ ಚಳಿಗಾಲದ ಹಿಮದ ರಸ್ತೆಗಳಿಗೆ ಚಕ್ರ ಜಾರದಿರಲೆಂದು ಎರಚುವುದೂ ಜ್ವಾಲಾಮುಖಿಯ ಹರಳನ್ನೇ.

ಇನ್ನು ನಿಜವಾದ ಅಪಾಯಗಳು. ಫೀನಿಕ್ಸ್ ಸುಮಾರು 330 ಮೀಟರ್ ಎತ್ತರದಲ್ಲಿದೆ, ಫ್ಲಾಗ್‌ಸ್ಟಾಫ್ 2,100 ಮೀಟರ್‌ನಲ್ಲಿ. 230 ಕಿಲೋಮೀಟರ್ ದಾರಿಯಲ್ಲಿ ಎರಡೂವರೆ ಗಂಟೆಗೆ ಇಷ್ಟು ಏರುತ್ತೀರಿ. ಇದು ಪರ್ವತಾರೋಹಿಗಳ ಎತ್ತರವಲ್ಲದಿದ್ದರೂ ವಯಸ್ಸಾದವರಿಗೆ ಮೊದಲ ದಿನ ತಲೆಭಾರ, ಏದುಸಿರು, ನಿದ್ದೆ ಬಾರದಿರುವುದು ಸಾಮಾನ್ಯ. ನಾನು ವೈದ್ಯನಲ್ಲ, ಆದರೆ ತಾಯಿಯವರ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ಒಮ್ಮೆ ಕೇಳಿ, ಮುಖ್ಯವಾಗಿ ಅದರಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಕೇಳಲೇಬೇಕು. ಒಣಗಾಳಿಯಲ್ಲಿ ಬೆವರು ಕಾಣಿಸದೆ ಆರಿಹೋಗುವುದರಿಂದ ನೀರಡಿಕೆ ಗೊತ್ತಾಗುವಷ್ಟರಲ್ಲಿ ದೇಹ ಸೊರಗಿರುತ್ತದೆ. ಒಮ್ಮೆ ನಮ್ಮ ಕಡೆಯ ಹಿರಿಯರೊಬ್ಬರು, "ನಮ್ಮೂರ ಬಿಸಿಲಿಗಿಂತ ಇದೇನು ಹೆಚ್ಚು" ಎಂದು ಟೋಪಿಯನ್ನೂ ನೀರನ್ನೂ ಕಾರಿನಲ್ಲೇ ಬಿಟ್ಟು ಬಂದು, ಅರ್ಧ ಗಂಟೆಯಲ್ಲಿ ತಲೆ ತಿರುಗಿ ಕುಳಿತರು. ನೆರಳಿಗೆ ಕರೆತಂದು ನೀರು ಕುಡಿಸಿದ ಮೇಲೆ ಸರಿಹೋದರು. ತಪ್ಪು ಅವರದಲ್ಲ, ನನ್ನದು. ಹೊರಡುವ ಮೊದಲು ನೋಡಿಕೊಳ್ಳಬೇಕಿತ್ತು.

ಜುಲೈ ಕೊನೆಯೆಂದರೆ ಅರಿಝೋನಾದ ಮುಂಗಾರು. ನಮ್ಮ ಜಿಟಿಜಿಟಿ ಮಳೆಯಲ್ಲ. ಬೆಳಿಗ್ಗೆ ನಿಚ್ಚಳ ಆಕಾಶ, ಮಧ್ಯಾಹ್ನದ ಹೊತ್ತಿಗೆ ಪರ್ವತದ ಮೇಲೆ ಮೋಡದ ಗೋಪುರ, ಆಮೇಲೆ ಗುಡುಗು, ಸಿಡಿಲು, ಒಣಹಳ್ಳದಲ್ಲಿ ದಿಢೀರ್ ನೆರೆ. ಸನ್‌ಸೆಟ್ ಕ್ರೇಟರ್ ಸುತ್ತಲಿನ ಕಾಡು 2022ರ ಏಪ್ರಿಲ್‌ನ ಟನಲ್ ಕಾಳ್ಗಿಚ್ಚಿನಲ್ಲಿ ಬಹುಪಾಲು ಬೆಂದಿರುವುದರಿಂದ ನೆರಳೂ ಕಡಿಮೆ, ನೀರನ್ನು ಹಿಡಿದಿಡುವ ಬೇರೂ ಕಡಿಮೆ. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪುವಷ್ಟು ಹತ್ತಿರವಿದೆ ಎಂದೇ ಲೆಕ್ಕ. ಆ ಕ್ಷಣವೇ ಕಾರಿಗೆ ಹಿಂತಿರುಗಿ, ಕಿಟಕಿ ಏರಿಸಿಕೊಂಡು ಕುಳಿತುಕೊಳ್ಳಿ. ಛತ್ರಿ ಹಿಡಿದು ಲಾವಾ ಬಯಲಿನಲ್ಲಿ ನಿಲ್ಲುವುದು ಅತ್ಯಂತ ಕೆಟ್ಟ ಆಯ್ಕೆ.

ಇವೆಲ್ಲವನ್ನೂ ಗಮನದಲ್ಲಿಟ್ಟು ನಾನು ಹೇಳುವ ಕ್ರಮ ಹೀಗಿದೆ. ಹಿಂದಿನ ದಿನವೇ ಫ್ಲಾಗ್‌ಸ್ಟಾಫ್ ತಲುಪಿ ಅಲ್ಲಿ ರಾತ್ರಿ ತಂಗಿ. ಎರಡು ಸ್ಮಾರಕಗಳನ್ನು ಜೋಡಿಸುವ ಸುಮಾರು 56 ಕಿಲೋಮೀಟರ್‌ನ ಬಳಸುದಾರಿ ಯುಎಸ್ 89 ಹೆದ್ದಾರಿಯಿಂದ ಹೊರಟು ಮತ್ತೆ ಅದನ್ನೇ ಸೇರುತ್ತದೆ. ಬಹುತೇಕರು ಹತ್ತಿರವಾಯಿತೆಂದು ದಕ್ಷಿಣದ ತುದಿಯಿಂದ ಒಳಹೊಕ್ಕು ಮೊದಲು ಸನ್‌ಸೆಟ್ ಕ್ರೇಟರ್ ನೋಡುತ್ತಾರೆ, ವುಪಾಟ್ಕಿ ತಲುಪುವಾಗ ನಡುಮಧ್ಯಾಹ್ನ. ವುಪಾಟ್ಕಿ 600 ಮೀಟರ್ ಕೆಳಗಿದೆ. ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ದಾಟುವುದುಂಟು. ನೀವು ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋಗಿ ಉತ್ತರದ ತುದಿಯಿಂದ ಬೆಳಿಗ್ಗೆ ಬೇಗ ಒಳಗೆ ಬನ್ನಿ. ಮೊದಲು ಸಿಗುವ ಲೋಮಾಕಿಯಲ್ಲಿ ಸುಣ್ಣಕಲ್ಲಿನ ಸೀಳುಕಣಿವೆಯ ಅಂಚಿಗೇ ಮನೆಗಳಿವೆ. ಮಗನ ಕೈ ಹಿಡಿದುಕೊಳ್ಳಿ, ಅಲ್ಲಿ ಬೇಲಿಯಿಲ್ಲ. ಹತ್ತು ಗಂಟೆಯೊಳಗೆ ವುಪಾಟ್ಕಿ ಮುಗಿಸಿ. ಮೇಲಿನ ವೀಕ್ಷಣಾ ಜಾಗದವರೆಗೆ ತಾಯಿಯವರು ಸಲೀಸಾಗಿ ನಡೆಯಬಲ್ಲರು, ಕೆಳಗಿನ ಚೆಂಡಾಟದ ಅಂಗಳದವರೆಗೆ ಹೋದರೆ ವಾಪಸು ಏರಬೇಕಾಗುತ್ತದೆ. ಆ ಅಂಗಳದ ಪಕ್ಕದ ಗಾಳಿಬಾಯಿಯೊಂದಕ್ಕಾಗಿ ಆ ಏರನ್ನು ನಿಧಾನವಾಗಿ ಹತ್ತಬಹುದು ಎನ್ನುವುದು ನನ್ನ ಪಕ್ಷಪಾತ. ನೆಲದೊಳಗಿನ ಬಿರುಕುಗಳ ಜಾಲಕ್ಕೆ ಸೇರಿದ ಆ ರಂಧ್ರ, ಹೊರಗಿನ ಗಾಳಿಯ ಒತ್ತಡ ಕಡಿಮೆಯಾದಾಗ ತಣ್ಣನೆಯ ಉಸಿರು ಬಿಡುತ್ತದೆ, ಹೆಚ್ಚಾದಾಗ ಒಳಗೆಳೆದುಕೊಳ್ಳುತ್ತದೆ. ಉರಿಬಿಸಿಲಿನಲ್ಲಿ ಅದರ ಮೇಲೆ ಬಗ್ಗಿ ನಿಂತು ನಗದವರನ್ನು ನಾನು ಕಂಡಿಲ್ಲ. ಆಮೇಲೆ ವುಕೋಕಿ, ಅಲ್ಲಿನ ಮೂರಂತಸ್ತಿನ ಕೆಂಪು ಗೋಪುರ ಕಾರು ನಿಲ್ಲಿಸುವ ಜಾಗದಿಂದಲೇ ಕಾಣುತ್ತದೆ. ಹನ್ನೊಂದೂವರೆಯ ಹೊತ್ತಿಗೆ ಸನ್‌ಸೆಟ್ ಕ್ರೇಟರ್ ಸೇರಿದರೆ ಮೋಡ ಕಟ್ಟುವ ಮೊದಲು ಲಾವಾ ಹರಿವಿನ ಕಾಲುದಾರಿಯನ್ನು ನೋಡಬಹುದು. ಅದರ ಆರಂಭದ ತುಂಡು ಗಾಲಿಕುರ್ಚಿಯೂ ಹೋಗುವಂಥ ಸಮತಟ್ಟು ದಾರಿ, ತಾಯಿಯವರಿಗೆ ಅಷ್ಟೇ ಸಾಕು. ಲಾವಾ ಗಾಜಿನಂತೆ ಕೊಯ್ಯುತ್ತದೆ, ಎಲ್ಲರೂ ಬೂಟು ಹಾಕಲಿ, ಯಾರೂ ದಾರಿ ಬಿಡುವುದು ಬೇಡ. ಬಳಸುದಾರಿಯಲ್ಲಿ ಪೆಟ್ರೋಲ್ ಇಲ್ಲ, ಹೋಟೆಲ್ ಇಲ್ಲ; ರೊಟ್ಟಿ, ಮೊಸರು, ತಲೆಗೆ ಮೂರು ಲೀಟರಿನಂತೆ ನೀರು ಜೊತೆಗಿರಲಿ. ಗೋಡೆಯ ಸಂದಿಗೆ ಯಾರೂ ಕೈ ಹಾಕಬಾರದು, ಹಾವಿರುತ್ತವೆ.

ಬ್ಯಾಂಡಲೀರ್ ಏಕೆ ಬೇಡವೆಂದರೆ, ಮುಖ್ಯವಾಗಿ ದೂರ. ಫೀನಿಕ್ಸ್‌ನಿಂದ ಒಂದು ಇಡೀ ದಿನದ ಕಾರುಪ್ರಯಾಣ, ಮೊಣಕಾಲು ನೋವಿನವರಿಗೆ ಅದೇ ದೊಡ್ಡ ಶಿಕ್ಷೆ. ಸ್ಥಳವೇನೋ ಅಪರೂಪದ್ದು. ಅಲ್ಲಿಯ ವಾಯೆಸ್ ಕ್ಯಾಲ್ಡೆರಾ ಎಂಬ ಭಾರೀ ಜ್ವಾಲಾಮುಖಿ ಕುಳಿ ಸುಮಾರು 16 ಲಕ್ಷ ಮತ್ತು 12 ಲಕ್ಷ ವರ್ಷಗಳ ಹಿಂದೆ ಉಗುಳಿದ ಬಿಸಿಬೂದಿ ಗಟ್ಟಿಯಾಗಿ ಟಫ್ ಎಂಬ ಮೆತ್ತನೆಯ ಕಲ್ಲಾಯಿತು, ಪುವೆಬ್ಲೋ ಜನ ಕಲ್ಲಿನ ಉಪಕರಣಗಳಿಂದಲೇ ಅದನ್ನು ಕೊರೆದು ಕೋಣೆ ಮಾಡಿಕೊಂಡರು. ವುಪಾಟ್ಕಿಯಲ್ಲಿ ಜ್ವಾಲಾಮುಖಿ ಹೊಲಕ್ಕೆ ಹಾಸಾಯಿತು, ಇಲ್ಲಿ ಮನೆಗೆ ಗೋಡೆಯಾಯಿತು. ಒಳಚಾವಣಿಯ ಮಸಿ ಇಂದಿಗೂ ಹಾಗೇ ಇದೆ. ಆದರೆ ಎಲ್ಲರೂ ಹೇಳುವ ಆಲ್ಕೋವ್ ಹೌಸ್‌ಗೆ ನಾಲ್ಕು ಮರದ ಏಣಿಗಳನ್ನು ಹತ್ತಿ ಸುಮಾರು 43 ಮೀಟರ್ ಮೇಲೇರಬೇಕು. ತಾಯಿಯವರು ಕೆಳಗೆ ಕಾಯಬೇಕು, ತಂದೆಯವರು ಹತ್ತುತ್ತೇನೆ ಎನ್ನುತ್ತಾರೆ, ನಿಮ್ಮ ಜೀವ ಬಾಯಿಗೆ ಬರುತ್ತದೆ. ಮುಂದೊಮ್ಮೆ ವಿಮಾನದಲ್ಲಿ ಆಲ್ಬುಕರ್ಕಿಗೆ ಹೋಗಿ, ಅಕ್ಟೋಬರ್‌ನ ತಂಪಿನಲ್ಲಿ, ಏಣಿಗಳ ಗೊಡವೆಯಿಲ್ಲದೆ ಕೆಳಗಿನ ಸುತ್ತುದಾರಿಯನ್ನಷ್ಟೇ ನೋಡುವುದು ಒಳ್ಳೆಯದು. ಸಮಯ ಉಳಿದರೆ ಈ ಸಲ ಅದರ ಬದಲು ಹೋಪಿ ಮೇಸಾಗಳಿಗೆ ಹೋಗಿಬರಬಹುದು. ಅಲ್ಲಿ ಹಳ್ಳಿಗಳ ಫೋಟೋ, ವೀಡಿಯೊ, ಚಿತ್ರ ಬಿಡಿಸುವುದು ಎಲ್ಲಕ್ಕೂ ನಿಷೇಧವಿದೆ, ಫೋನು ಜೇಬಿನಲ್ಲೇ ಇರಲಿ. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರ ಬದಲಿಸುವುದಿಲ್ಲ, ನವಾಹೋ ಸೀಮೆ ಬದಲಿಸುತ್ತದೆ. ವುಪಾಟ್ಕಿಯ ಆಸುಪಾಸಿನಲ್ಲಿ ಫೋನಿನ ಸಮಯ ಇದ್ದಕ್ಕಿದ್ದಂತೆ ಒಂದು ಗಂಟೆ ಮುಂದೆ ಹೋದರೆ ಗಾಬರಿಯಾಗಬೇಡಿ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡೂ ಸ್ಮಾರಕಗಳಿಗೆ ಸೇರಿ ಒಂದು ಕಾರಿಗೆ 25 ಡಾಲರ್, ಏಳು ದಿನ ನಡೆಯುತ್ತದೆ. ಜೊತೆಗೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿಸುವುದಾದರೆ ಲೆಕ್ಕ ಬೇರೆ. 2026ರ ಜನವರಿಯಿಂದ ಅದೂ ಸೇರಿದಂತೆ 11 ದೊಡ್ಡ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ ಸಂದರ್ಶಕರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವಿದೆ, ಇಲ್ಲವೇ 250 ಡಾಲರಿನ ವಾರ್ಷಿಕ ಪಾಸ್ ಕೊಳ್ಳಬೇಕು. ಸನ್‌ಸೆಟ್ ಕ್ರೇಟರ್, ವುಪಾಟ್ಕಿ ಆ ಪಟ್ಟಿಯಲ್ಲಿಲ್ಲ. ಹೊರಡುವ ಹಿಂದಿನ ದಿನ ಶುಲ್ಕವನ್ನೂ ರಸ್ತೆ ತೆರೆದಿದೆಯೇ ಎಂಬುದನ್ನೂ ಉದ್ಯಾನದ ಅಧಿಕೃತ ಮಾಹಿತಿಯಲ್ಲಿ ನೋಡಿಕೊಳ್ಳಿ.

ಕೊನೆಗೆ ನಿಮ್ಮ ತಂದೆಯವರಿಗೆ ನನ್ನದೊಂದು ಪ್ರಶ್ನೆ ತಲುಪಿಸಿ. ಹರಳಿನ ಹಾಸು ಎಷ್ಟು ಕಾಲ ಕೆಲಸ ಮಾಡಿತು ಎಂಬುದು ವುಪಾಟ್ಕಿಯ ವಿಷಯದಲ್ಲಿ ಇನ್ನೂ ಬಗೆಹರಿಯದ ಚರ್ಚೆ. ಅವರ ಕಡೆ ಒಮ್ಮೆ ಉಸುಕು ಹಾಕಿದ ಹೊಲ ಎಷ್ಟು ವರ್ಷ ಹಸಿ ಹಿಡಿಯುತ್ತದೆ, ಉಳುಮೆಯಲ್ಲಿ ಉಸುಕು ಎರೆಯೊಳಗೆ ಕಲೆತುಹೋದಾಗ ರೈತರು ಏನು ಮಾಡುತ್ತಾರೆ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳುಹಿಸಿದರೆ ಉಪಕಾರವಾಗುತ್ತದೆ.